ಲಾಡ್ಜಿನ ಗುಳಿ

ಬೊಂಬಾಯಿಗೆ ರೈಲು ಪುಕ್ಕಟೆಯಾದರೂ ಇಳಿದ ಮೇಲೆ ನಿಂತರೆ ಕಾಸು, ಕೂತರೆ ಕಾಸು ಎಂದು ಪಕ್ಕದ ಮನೆಯ ದಾಕ್ಷಾಯಣಮ್ಮನವರು ಮೊದಲೇ ಹೇಳಿದ್ದರು. ಅವರ ಭಾವ ಜವಳಿ ವ್ಯಾಪಾರಕ್ಕೆ ಹೋಗಿಬರುತ್ತಿದ್ದುದರಿಂದ ಅವರಿಗೆ ಆ ಊರಿನ ಬೆಲೆಯೆಲ್ಲ ಬಾಯಿಪಾಠ. ನನಗೇನೂ ಭಯವಾಗಲಿಲ್ಲ. ನಮ್ಮ ಯಜಮಾನರು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಚೀನಾದವರ ಯುದ್ಧಕ್ಕೆ ಮೊದಲಿನ ಬೇಸಿಗೆಯಲ್ಲಿ ಒಂದು ಸಂಜೆ ಅವರು ಜೇಬಿನಿಂದ ಪಾಸು ತೆಗೆದು ನನ್ನ ಕೈಗೆ ಕೊಟ್ಟರು. ಮೈಸೂರಿನಿಂದ ಬೊಂಬಾಯಿಗೆ, ಬೊಂಬಾಯಿಯಿಂದ ಮೈಸೂರಿಗೆ, ಗಂಡ ಹೆಂಡತಿ ಇಬ್ಬರಿಗೆ. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ನಾವಿಬ್ಬರೇ ಎಂದು ಬೆಟ್ಟಕ್ಕೂ ಹೋದವರಲ್ಲ. ಅಲ್ಲಿಗೂ ಅತ್ತೆ, ಮಕ್ಕಳು, ಊರಿಂದ ಬಂದ ನೆಂಟರು, ಎಲ್ಲರೂ ಜೊತೆಗೆ. ನಾನು ಪಾಸನ್ನು ಕಣ್ಣಿಗೊತ್ತಿಕೊಂಡೆ.

ಒತ್ತಿಕೊಂಡ ಕೈ ಇಳಿಸುವ ಮೊದಲೇ ಅವರು ಹೇಳಿದರು: “ಖರ್ಚಿನ ಯೋಚನೆ ಬುಡು. ಉಳ್ಕೊಳ್ಳೋಕೆ ನಮ್ಮ ಚಾಮುಂಡಿ ಮನೆ ಐತಲ್ಲ.”

ಕಾದ ಹಾಲಿಗೆ ಹುಳಿ ಬಿದ್ದ ಹಾಗಾಯಿತು ನನಗೆ. ಪಾಸನ್ನು ದೇವರ ಗೂಡಿನಲ್ಲಿಟ್ಟು ಒಲೆ ಹಚ್ಚಲು ಹೋದೆ.

ಚಾಮುಂಡೇಶ್ವರಿ ನಮ್ಮ ಯಜಮಾನರ ಅಕ್ಕನ ಮಗಳು. ನಮ್ಮ ಜನದಲ್ಲಿ ಅಕ್ಕನ ಮಗಳು ಎಂದರೆ ಸುಮ್ಮನೆ ಅಲ್ಲ. ಹೆಣ್ಣು ಹುಟ್ಟಿದರೆ ತೊಟ್ಟಿಲಲ್ಲಿರುವಾಗಲೇ ಇದು ಸೋದರಮಾವನಿಗೆ ಎಂದು ಬಾಯಿಮಾತು ಆಗಿಬಿಡುತ್ತದೆ. ಅವಳು ಹುಟ್ಟಿದಾಗ ಇವರಿಗೆ ಹತ್ತು ವರ್ಷ. ‘ನಿನ್ನ ಹೆಂಡ್ತಿ ಅಳ್ತಾವ್ಳೆ, ತೂಗೋ’ ಎಂದರೆ ಆಟ ಬಿಟ್ಟು ಬಂದು ತೊಟ್ಟಿಲು ತೂಗುತ್ತಿದ್ದರಂತೆ. ನಮ್ಮತ್ತೆ ಬೆಟ್ಟಮ್ಮನವರು ಇದನ್ನು ನನ್ನ ಮುಂದೆ ಎಷ್ಟು ಸಲ ಹೇಳಿದ್ದಾರೋ, ಪ್ರತಿ ಸಲವೂ ಹೊಸದಾಗಿ ನಗುತ್ತಾರೆ. ಅವಳು ದೊಡ್ಡವಳಾದ ಮೇಲೆ ಅವಳ ಅಪ್ಪನಿಗೆ ಬೊಂಬಾಯಿಯ ಗಿರಣಿಯಲ್ಲಿ ಕೆಲಸಕ್ಕಿದ್ದ ಶಾಮಣ್ಣ ಎಂಬ ವರ ಕಣ್ಣಿಗೆ ಬಿದ್ದ. ದೊಡ್ಡ ಊರು, ದೊಡ್ಡ ಸಂಬಳ ಎಂದು ಮಗಳನ್ನು ಅಲ್ಲಿಗೆ ಕೊಟ್ಟುಬಿಟ್ಟ. ಅವಳ ಮದುವೆಯಾದ ಮೂರು ತಿಂಗಳಿಗೆ ನನ್ನ ಮದುವೆ. ಅಂದರೆ ಏನಾಯಿತು? ಕರೆದವರು ಬರಲಿಲ್ಲ, ಎಲೆ ಹಾಕಿ ಆಗಿದೆ, ನೀನು ಬಾರಮ್ಮ ಕೂತ್ಕೋ ಎಂದು ನನ್ನನ್ನು ಕೂರಿಸಿದ ಹಾಗಾಯಿತು.

ಇದನ್ನು ಮರೆತು ಬಾಳೋಣ ಎಂದರೆ ಈ ಊರು ಬಿಡಬೇಕಲ್ಲ! ಬಾಗಿಲು ತೆಗೆದರೆ ಎದುರಿಗೆ ಚಾಮುಂಡಿ ಬೆಟ್ಟ. ನಮ್ಮ ಬಾಡಿಗೆ ಮನೆ ಇದ್ದದ್ದು ಚಾಮುಂಡಿಪುರಂನಲ್ಲಿ. ದೇವಿಯ ಮೇಲೆ ನನಗೆ ಕೋಪವಿಲ್ಲ, ತಾಯಿ ಕಾಪಾಡಲಿ. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಹೊಟ್ಟೆಯಲ್ಲಿ ಕೆಂಡ ತಿರುವಿದ ಹಾಗಾಗುವುದಕ್ಕೆ ನಾನೇನು ಮಾಡಲಿ? ಬಸ್ಸಾರು ಮಾಡಿ ಬಡಿಸಿದರೆ ಇವರು ಉಂಡು, ಬೆರಳು ನೆಕ್ಕಿ, “ಚೆನ್ನಾಗೈತೆ. ಚಾಮುಂಡಿ ಇನ್ನೊಂಚೂರು ಬೆಳ್ಳುಳ್ಳಿ ಹಾಕ್ತಿದ್ಲು” ಎನ್ನುತ್ತಿದ್ದರು. ಕೆಟ್ಟ ಮನಸ್ಸಿನಿಂದ ಹೇಳುವವರಲ್ಲ, ಕೆಟ್ಟ ಮನಸ್ಸಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಹಾಗಾಗಿ ನಾನು ಒಂದು ತೀರ್ಮಾನ ಮಾಡಿದೆ. ಬೊಂಬಾಯಿಗೆ ಹೋಗುವುದು ನಿಜ, ಆದರೆ ಅವಳ ಮನೆಯಲ್ಲಿ ಒಂದು ರಾತ್ರಿಯೂ ಮಲಗುವುದಿಲ್ಲ. ಲಾಡ್ಜಿನಲ್ಲಿ ನಮ್ಮದೇ ಒಂದು ರೂಮು, ಅದಕ್ಕೊಂದು ಚಿಲಕ. ಒಂಬತ್ತು ವರ್ಷಕ್ಕೆ ಒಮ್ಮೆ ಗಂಡ ನನ್ನ ಜೊತೆ ಇರುತ್ತಾರೆ ಎಂದರೆ ನನ್ನ ಜೊತೆ ಮಾತ್ರ ಇರಲಿ. ಅವಳು ತಟ್ಟೆ ಹಾಕಿ ‘ಮಾವ, ಇನ್ನೊಂದು ಮುದ್ದೆ’ ಎನ್ನುವುದನ್ನು ನೋಡಲು ಎರಡು ದಿನ ರೈಲಿನಲ್ಲಿ ಕೂರುವ ದರ್ದು ನನಗಿರಲಿಲ್ಲ.

ನನ್ನ ಹತ್ತಿರ ಎಂಬತ್ತೈದು ರೂಪಾಯಿ ಇತ್ತು. ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆಯ ಹಾಲು ಮಾರಿ ಕೂಡಿಟ್ಟದ್ದು, ಅದರಲ್ಲಿ ಇವರ ಒಂದು ಕಾಸೂ ಇಲ್ಲ. ಲೆಕ್ಕವನ್ನು ಕಾಗದದಲ್ಲಿ ಬರೆದರೆ ನನಗೆ ದುಡ್ಡು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ತವರಿನಿಂದ ತಂದ ಅಳಗುಳಿಮಣೆಯನ್ನು ಅಟ್ಟದಿಂದ ಇಳಿಸಿದೆ. ಈ ಕಡೆ ಏಳು ಗುಳಿ, ಆ ಕಡೆ ಏಳು ಗುಳಿ. ಒಂದು ಹುಣಸೆಬೀಜಕ್ಕೆ ಒಂದು ರೂಪಾಯಿ. ಹಬ್ಬದ ಖರ್ಚು, ಮಳೆಗಾಲದ ಸೌದೆ, ಎಲ್ಲವನ್ನೂ ನಾನು ಹೀಗೆಯೇ ಗುಳಿಗೆ ಹಾಕಿ ನೋಡುವುದು. ಯಾವ ಗುಳಿ ತುಂಬಿದೆ, ಯಾವುದು ಬರಿದಾಗಿದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಮೂಲೆಯ ಗುಳಿಯನ್ನು ಲಾಡ್ಜಿಗೆಂದು ಇಟ್ಟೆ. ಅದರ ಪಕ್ಕದ್ದು ಊಟಕ್ಕೆ, ಆಮೇಲಿನದು ಕಾಫಿಗೆ. ಟ್ರಾಮಿಗೆ ಒಂದು, ಸಮುದ್ರದ ನಡುವೆ ಗುಹೆಯ ದೇವಸ್ಥಾನವಿದೆಯಂತಲ್ಲ, ಅಲ್ಲಿಗೆ ಹೋಗುವ ದೋಣಿಗೆ ಒಂದು. ಅತ್ತೆಗೆ ತರುವ ಶಾಲು, ಮಕ್ಕಳ ಗೊಂಬೆ, ನನಗೊಂದು ನೈಲಾನ್ ಸೀರೆ. ಆಗ ನೈಲಾನ್ ಸೀರೆ ಮೈಸೂರಿಗೆ ಹೊಸತು, ದೇವರಾಜ ಮಾರ್ಕೆಟ್ಟಿನಲ್ಲಿ ಯಾರಾದರೂ ಉಟ್ಟುಕೊಂಡು ಬಂದರೆ ಸೊಪ್ಪಿನವರು ತೂಕ ಮರೆತು ನೋಡುತ್ತಿದ್ದರು. ಬೀಜ ಹಂಚಿ ನೋಡಿದರೆ ಎಲ್ಲಾ ಗುಳಿಯೂ ಹದವಾಗಿತ್ತು. ಅಷ್ಟರಲ್ಲಿ ದಾಕ್ಷಾಯಣಮ್ಮನವರು ಬಂದು, ಮಾಟುಂಗದ ಕಡೆ ಮರ್ಯಾದಸ್ಥರು ಇಳಿಯುವಂಥ ಲಾಡ್ಜಿಗೆ ದಿನಕ್ಕೆ ಹತ್ತು ರೂಪಾಯಿಗೆ ಕಡಿಮೆಯಿಲ್ಲ, ನಾಲ್ಕು ದಿನಕ್ಕೆ ನಲವತ್ತು ಬೇಕು ಎಂದರು. ನಾನು ಹಾಕಿದ್ದು ಹನ್ನೆರಡು.

ಅಂದಿನಿಂದ ಮಿಕ್ಕ ಗುಳಿಗಳು ಬಡವಾಗುತ್ತ ಬಂದವು. ದಿನಕ್ಕೆ ಎರಡು ಕಾಫಿ ಯಾಕೆ, ಒಂದು ಸಾಕು ಎಂದು ಕಾಫಿಯಿಂದ ತೆಗೆದೆ. ಊಟ ಒಂದೇ ಹೊತ್ತು, ರಾತ್ರಿಗೆ ಮನೆಯಿಂದ ಒಯ್ದ ಹುರಿಹಿಟ್ಟು, ಕೋಡುಬಳೆ. ಸಮುದ್ರವನ್ನು ದಡದಲ್ಲಿ ನಿಂತು ನೋಡಿದರೂ ಸಮುದ್ರವೇ, ಅದರ ನಡುವಿಗೆ ಹೋಗಬೇಕೆಂದು ಯಾವ ಶಾಸ್ತ್ರದಲ್ಲಿದೆ ಎಂದು ದೋಣಿಯ ಗುಳಿ ಬರಿದು ಮಾಡಿದೆ. ಟ್ರಾಮು ಬೇಡ, ಕಾಲಿದೆ. ಮಕ್ಕಳಿಗೆ ಗೊಂಬೆ ಇಲ್ಲಿಯ ದಸರಾ ವಸ್ತುಪ್ರದರ್ಶನದಲ್ಲೇ ಸಿಗುತ್ತದೆ. ಕೊನೆಗೆ ನೈಲಾನ್ ಸೀರೆಯ ಬೀಜಗಳನ್ನು ಒಂದೊಂದಾಗಿ ಎತ್ತಿ ಲಾಡ್ಜಿನ ಗುಳಿಗೆ ಹಾಕಿದೆ. ಅದು ಬಾಯಿತುಂಬ ತುಂಬಿ ಹೊರಗೆ ಚೆಲ್ಲುತ್ತಿತ್ತು.

ದಾಕ್ಷಾಯಣಮ್ಮನವರು ನೋಡಿ, “ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ ಮಂಗಳಮ್ಮ. ಲಾಡ್ಜ್ ನೋಡ್ಕೊಂಡು ಬರೋಕೆ ಬೊಂಬಾಯಿಗೆ ಹೋಗ್ತೀರಾ?” ಎಂದು ನಕ್ಕರು. ಅವರಿಗೆ ವಿಷಯ ಗೊತ್ತಿತ್ತು. ಹೆಂಗಸರಿಗೆ ಇಂಥದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಲಾಡ್ಜಿನ ಗುಳಿ ಖಾಲಿ! ಬೀಜಗಳೆಲ್ಲ ಕಾಫಿಗೆ, ದೋಣಿಗೆ, ಸೀರೆಗೆ ಹೋಗಿ ಕೂತಿವೆ. ನಮ್ಮ ಯಜಮಾನರು ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತಿದ್ದರು. ಮುಖದಲ್ಲಿ ಏನೋ ದೊಡ್ಡ ಉಪಕಾರ ಮಾಡಿದ ಕಳೆ.

“ಚಾಮುಂಡಿ ಮನೇಲಿ ಇದ್ರೆ ನಿನಗೆ ಸೀರೆ ಬತ್ತದೆ, ದೋಣೀಲೂ ಹೋಗ್ಬಹುದು. ನೋಡು, ಎಲ್ಲಾ ಸರಿಹೋಯ್ತು.”

ಅವರು ಆಡಿದ್ದು ಅಷ್ಟು ಮಾತು. ನನಗೆ ಕೇಳಿಸಿದ್ದು ಮೊದಲನೆಯದು ಮಾತ್ರ. ಮಣೆಯನ್ನು ಎತ್ತಿ ಕುಕ್ಕಿದೆ, ಬೀಜ ಅಡಿಗೆಮನೆ ತುಂಬ ಚೆಲ್ಲಿತು. “ಬಿಟ್ಟ ಹೆಣ್ಣಿನ ಮನೆ ಹೊಸಲಿಗೆ ಕಟ್ಕೊಂಡ ಹೆಂಡ್ತೀನ ಕರ್ಕೊಂಡು ಹೋಗಿ ನಿಲ್ಲಿಸ್ತೀರಾ? ಲಾಡ್ಜ್ ಇದ್ರೆ ಬರ್ತೀನಿ, ಇಲ್ಲಾಂದ್ರೆ ನೀವೊಬ್ರೇ ಹೋಗ್ಬನ್ನಿ, ಸಂತೋಷವಾಗಿರಿ” ಎಂದುಬಿಟ್ಟೆ. ಜಗುಲಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅತ್ತೆಯ ಕೈ ನಿಂತಿತು.

ಇವರು ನಕ್ಕರು. ಬೈದಿದ್ದರೆ ಸಹಿಸುತ್ತಿದ್ದೆ, ನಕ್ಕದ್ದನ್ನು ಹೇಗೆ ಸಹಿಸುವುದು? ನಾನು ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅವರಾಗಿಯೇ, ಆಯ್ತು ಮಾರಾಯ್ತಿ, ಲಾಡ್ಜೇ ಆಗಲಿ, ಒಂದು ಮಧ್ಯಾಹ್ನ ಅವಳ ಮನೆಗೆ ಹೋಗಿ ಮುಖ ತೋರಿಸಿ ಬರೋಣ ಎಂದರು. ಹಾಗೆಂದೇ ಅವಳಿಗೂ ಕಾರ್ಡು ಬರೆದು ಹಾಕಿದರು. ನಾನು ಬಾಗಿಲ ಸಂದಿಯಿಂದ, ಮಣೆಯ ಅಡಿಯಿಂದ ಬೀಜಗಳನ್ನು ಆಯ್ದು ತೊಳೆದು ಮತ್ತೆ ಲಾಡ್ಜಿನ ಗುಳಿ ತುಂಬಿದೆ. ಎರಡನೆಯ ಕಾಫಿ ಇಲ್ಲ, ದೋಣಿ ಇಲ್ಲ, ಸೀರೆಯೂ ಇಲ್ಲ. ಆದರೂ ಆ ವಾರವೆಲ್ಲ ನಾನು ಕೆಲಸ ಮಾಡುತ್ತ ಹಾಡಿಕೊಳ್ಳುತ್ತಿದ್ದೆ.

ಹೊರಡುವ ಹಿಂದಿನ ದಿನ ಸಾಯಂಕಾಲ ಹೋಲ್ಡಾಲಿಗೆ ಹಾಸಿಗೆ ಸುತ್ತುತ್ತಿದ್ದೆ. ಬಾಗಿಲಿಗೆ ಜಟಕಾ ಬಂದು ನಿಂತಿತು. ಒಂದು ಟ್ರಂಕು ಇಳಿಯಿತು, ಎರಡು ಮಕ್ಕಳು ಇಳಿದವು, ಅವುಗಳ ಹಿಂದೆ ಚಾಮುಂಡೇಶ್ವರಿ ಇಳಿದಳು.

ಅತ್ತೆ ಓಡಿಹೋಗಿ ತಬ್ಬಿಕೊಂಡರು. ಅವಳ ತಾಯಿ, ಅಂದರೆ ಇವರ ಅಕ್ಕ, ತೀರಿಕೊಂಡ ಮೇಲೆ ಅವಳು ಇತ್ತ ಬಂದೇ ಇರಲಿಲ್ಲ. ಅಪ್ಪ ಇನ್ನೊಂದು ಮದುವೆ ಮಾಡಿಕೊಂಡಿದ್ದ, ಆದ್ದರಿಂದ ತವರು ಎಂದು ಉಳಿದದ್ದು ನಮ್ಮ ಮನೆಯೇ. ನಾನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದೆ. ಸ್ವಲ್ಪ ಇಳಿದಿದ್ದಳು, ಅದೂ ಅವಳಿಗೆ ಒಪ್ಪುತ್ತಿತ್ತು. ಕಿವಿಯಲ್ಲಿ ಓಲೆಯಿಲ್ಲ, ತೂತಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದಳು. ಮುತ್ತೈದೆ ಬೋಳುಗಿವಿಯಲ್ಲಿ ಬರೋದಾ ಎಂದು ಅತ್ತೆ ಗದರಿದ್ದಕ್ಕೆ, ಬೊಂಬಾಯಲ್ಲಿ ಈಗ ಹಿಂಗೇ ಅಜ್ಜಿ ಎಂದು ನಕ್ಕಳು. ಫ್ಯಾಷನ್ನು! ಒಳಗೊಳಗೇ ನನಗೆ ಸಂತೋಷವಾಯಿತು. ಗಂಡನ ಊರಿನ ಸೊಕ್ಕು ತಲೆಗೇರಿದೆ, ಇದನ್ನು ಇವರೂ ನೋಡಲಿ ಎಂದುಕೊಂಡೆ.

ಅವಳು ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಅವಳಿಗೂ ನನಗೂ ಒಂದೇ ವಯಸ್ಸು, ಆದರೂ ಸೋದರಮಾವನ ಹೆಂಡತಿಯಾದ್ದರಿಂದ ನಾನು ಅವಳಿಗೆ ಅತ್ತೆ. ಆಮೇಲೆ ಸೊಂಟದಿಂದ ಒಂದು ಬೀಗದಕೈ ತೆಗೆದು ನನ್ನ ಅಂಗೈಯಲ್ಲಿಟ್ಟಳು.

“ತವರಿನೋರು ನನ್ನೂರಿಗೆ ಬಂದು ಲಾಡ್ಜಲ್ಲಿ ಮಲಗಿದ್ರೆ ನಾಳೆ ನಾನು ಯಾರಿಗೆ ಮುಖ ತೋರಿಸ್ಲಿ ಅತ್ತೆ? ನನ್ನ ಮನೆ ಅಂದ್ರೆ ಒಂದೇ ರೂಮು. ನಾನು, ಮಕ್ಕಳು ಇದ್ರೆ ನಿಮಗೆ ಇಕ್ಕಟ್ಟು. ಅದಕ್ಕೆ ನಾನೇ ಬಂದ್ಬುಟ್ಟೆ. ನಮ್ಮನೆಯೋರಿಗೆ ರಾತ್ರಿ ಪಾಳಿ, ಹಗಲು ಸ್ನೇಹಿತರ ರೂಮಲ್ಲಿ ಮಲಗ್ತಾರೆ. ನೀವಿಬ್ರೇ ಆರಾಮಾಗಿರಿ.”

ಊರಿನವರೊಬ್ಬರ ಸಂಸಾರ ಹೊರಟಿತ್ತಂತೆ, ಅವರ ಜೊತೆ ಕೂತು ಬಂದಳಂತೆ. ನಾನು ಬೀಗದಕೈ ಹಿಡಿದು ನಿಂತೆ. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗೆ, ನುಂಗುವುದಕ್ಕೂ ಆಗದು, ಉಗುಳುವುದಕ್ಕೂ ಆಗದು. ಇದಕ್ಕಿಂತ ಅವಳು ಎರಡು ಮಾತು ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಇಬ್ಬರೇ ಅಡಿಗೆಮನೆಯಲ್ಲಿದ್ದಾಗ ಅವಳು ಒಲೆಯ ಮುಂದೆ ಕೂತು, ಸುತ್ತ ಕಣ್ಣಾಡಿಸಿ, ಸಣ್ಣಗೆ ನಕ್ಕು, “ಹುಟ್ಟಿದಾಗಲೇ ನನಗೆ ಅಂದಿದ್ದ ಮನೆ. ಒಂದು ವಾರ ಇಲ್ಲಿ ಯಜಮಾನಿ ಆಗೋದು ಎಂಗಿರ್ತದೆ ಅಂತ ನೋಡ್ತೀನಿ ಅತ್ತೆ” ಎಂದಳು. ಅಕ್ಕನ ಮಗಳಿಗೆ ಇಂಥ ಮಾತಿನ ಸಲಿಗೆ ಇರುತ್ತದೆ, ಕೋಪಿಸಿಕೊಂಡರೆ ನಾವೇ ಸಣ್ಣವರಾಗುತ್ತೇವೆ. ನಾನೂ ನಕ್ಕೆ. ನಗು ಮುಗಿಯುವಷ್ಟರಲ್ಲಿ ಹಲ್ಲು ನೋಯುತ್ತಿತ್ತು.

ಇನ್ನು ನನಗೆ ತಿಳಿಯಬೇಕಾದದ್ದು ಒಂದೇ. ಅವಳು ಇಲ್ಲಿ ಬಂದು ಕೂತ ಮೇಲೆ ಇವರಿಗೆ ಬೊಂಬಾಯಿ ಬೇಕೋ ಬೇಡವೋ? ವರ್ಕ್‌ಶಾಪಿನಿಂದ ಬಂದವರು ಅವಳನ್ನು ಕಂಡು ಮುಖ ಅರಳಿಸಿದರು, ಮಕ್ಕಳನ್ನು ಎತ್ತಿಕೊಂಡರು. ನಾನು ಹಿತ್ತಲಿಗೆ ಕರೆದು, ನಿಮ್ಮ ಸೋದರ ಸೊಸೆ ಅಷ್ಟು ದೂರದಿಂದ ಬಂದವ್ಳೆ, ಪಾಸು ಹೋದರೆ ಹೋಗ್ಲಿ, ಇಲ್ಲೇ ಇದ್ಬುಡಿ ಎಂದೆ. ಎಂದವಳು ಉಸಿರು ಬಿಗಿಹಿಡಿದಿದ್ದೆ. ಅವರು ಕಾಲು ತೊಳೆಯುತ್ತ, “ಅವಳು ಬಂದ್ಲು ಅಂತ ನಾಳೆ ರೈಲು ನಿಲ್ತದಾ? ಹೋಲ್ಡಾಲ್ ಕಟ್ಟಿದ್ಯಾ?” ಎಂದರು. ಅವರ ಬೆನ್ನಿಗೆ ನಾನೇ ನೀರು ಹೊಯ್ದೆ.

ಆದರೆ ರೈಲು ಮದ್ದೂರು ದಾಟುವ ಮೊದಲೇ ಆ ಸಂತೋಷ ಇಳಿದುಹೋಯಿತು. ಈಗ ಅವಳು ಯಾವ ಡಬ್ಬ ತೆಗೆದಿರಬಹುದು? ನನ್ನ ಎಮ್ಮೆ ಅವಳ ಕೈಗೆ ಹಾಲು ಬಿಟ್ಟಿತೋ ಇಲ್ಲವೋ? ಬಿಡದಿದ್ದರೆ ಕಷ್ಟ, ಬಿಟ್ಟರೆ ಇನ್ನೂ ಕಷ್ಟ. ಬೆಂಗಳೂರಿನಲ್ಲಿ ಬಂಡಿ ಬದಲಿಸುವಾಗ, ಪೂನಾದಲ್ಲಿ ಬದಲಿಸುವಾಗ, ಕಿಟಕಿಯಾಚೆ ಏನೇನು ಹೋಯಿತೋ ನನಗೆ ಗೊತ್ತಿಲ್ಲ. ನನ್ನ ಕಣ್ಣ ಮುಂದೆ ಚಾಮುಂಡಿಪುರಂನ ಅಡಿಗೆಮನೆಯೊಂದೇ ಇತ್ತು.

ಬೊಂಬಾಯಿಯಲ್ಲಿ ಶಾಮಣ್ಣ ಸ್ಟೇಷನ್ನಿಗೆ ಬಂದು ಕರೆದುಕೊಂಡು ಹೋದ. ಗಿರಣಿಗಳ ನಡುವೆ ನಾಲ್ಕು ಅಂತಸ್ತಿನ ಹಳೆಯ ಕಟ್ಟಡ, ಉದ್ದಕ್ಕೂ ಒಂದೊಂದು ಬಾಗಿಲಿಗೆ ಒಂದೊಂದು ಸಂಸಾರ. ದೊಡ್ಡ ಊರು, ದೊಡ್ಡ ಸಂಬಳ ಎಂದು ಒಂಬತ್ತು ವರ್ಷದಿಂದ ಕೇಳಿದ್ದ ಮನೆಯಲ್ಲಿ ನಮ್ಮ ಎಮ್ಮೆಯ ಕೊಟ್ಟಿಗೆಯಷ್ಟೂ ಜಾಗವಿರಲಿಲ್ಲ. ಒಂದು ಮೂಲೆಯಲ್ಲಿ ಸೀಮೆಎಣ್ಣೆ ಸ್ಟವ್, ಒಂದು ಮೂಲೆಯಲ್ಲಿ ಸುತ್ತಿಟ್ಟ ಹಾಸಿಗೆ. ಕಿಟಕಿ ತೆಗೆದರೆ ಗಿರಣಿಯ ಹೊಗೆ. ನಲ್ಲಿ ಮೊಗಸಾಲೆಯ ತುದಿಯಲ್ಲಿ, ಇಡೀ ಅಂತಸ್ತಿಗೆ ಅದೊಂದೇ. ಬೆಳಗಿನ ಜಾವ ಬಿಂದಿಗೆ ಸಾಲಿಗಿಟ್ಟು ಕಾಯಬೇಕು. ಮೊದಲ ದಿನ ನನಗೆ ಒಂದು ಬಿಂದಿಗೆ ಸಿಗುವಷ್ಟರಲ್ಲಿ ಮರಾಠಿಯಲ್ಲಿ ಬೈಸಿಕೊಂಡದ್ದಾಯಿತು.

ಆದರೂ ಆ ರೂಮು ಕನ್ನಡಿಯ ಹಾಗಿತ್ತು. ಪಾತ್ರೆಗಳು ಹೊಳೆಯುತ್ತಿದ್ದವು. ಅದೂ ನನ್ನ ಹೊಟ್ಟೆ ಉರಿಸಿತು. ಇಷ್ಟು ನೀರಿನಲ್ಲಿ ಇವಳು ಇಷ್ಟು ಹೇಗೆ ಬೆಳಗುತ್ತಾಳೆ?

ಎರಡನೆಯ ದಿನ ದೋಣಿಯಲ್ಲಿ ಹೋಗಿಬಂದೆವು. ದೋಣಿಯ ಮೇಲೆ ನಮ್ಮ ಯಜಮಾನರು ಮಗುವಿನ ಹಾಗೆ ನನ್ನ ಕೈ ಹಿಡಿದುಕೊಂಡಿದ್ದರು. ನನ್ನದೆಂದು ನಾನು ಬಯಸಿದ್ದು ಅಷ್ಟೂ ಸಿಕ್ಕಿತ್ತು. ಸಂಜೆ ಮೊಗಸಾಲೆಯಲ್ಲಿ ಅವರು ನಲ್ಲಿಯ ಕಡೆಯೇ ನೋಡುತ್ತ ಕೂತಿದ್ದರು. ಹೆಂಗಸರು ಆಗಲೇ ಬೆಳಗಿನ ಸಾಲಿಗೆ ಬಿಂದಿಗೆ ಇಡುತ್ತಿದ್ದರು.

ಒಂಬತ್ತು ವರ್ಷ ಗಂಟಲಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. “ಅವಳನ್ನೇ ಮಾಡ್ಕೋಬೇಕಾಗಿತ್ತು ಅನ್ಸುತ್ತಾ?”

ಅವರು ಇಲ್ಲ ಎನ್ನಲಿಲ್ಲ. ಸುಳ್ಳು ಹೇಳಲು ಬರದ ಮನುಷ್ಯ. “ಮಾಡ್ಕೊಂಡಿದ್ರೆ ಅವಳಿಗೆ ಈ ನಲ್ಲಿ ಸಾಲು ತಪ್ತಿತ್ತು” ಎಂದರು. ಆಮೇಲೆ, “ಆಗ ನಿನ್ನನ್ನ ಯಾರು ಮಾಡ್ಕೋತಿದ್ರೋ, ಯಾವ ಊರಿಗೆ ಕರ್ಕೊಂಡೋಗ್ತಿದ್ರೋ. ಅದನ್ನ ನೆನೆಸ್ಕೊಂಡ್ರೆ ನನಗೆ ಆಗೋದಿಲ್ಲ ಕಣೆ” ಎಂದರು.

ನನಗೆ ಅಳು ಬಂತು, ಕೋಪವೂ ಬಂತು. ಮೊದಲ ಮಾತು ಬಿಟ್ಟು ಎರಡನೆಯದನ್ನು ಮಾತ್ರ ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಮೂರನೆಯ ದಿನ ಬೆಳಿಗ್ಗೆ ಪಾಳಿ ಮುಗಿಸಿ ಶಾಮಣ್ಣ ಹಾಲು ತಂದುಕೊಟ್ಟ. ಒಳ್ಳೆಯವನು, ನೂಲಿನ ಧೂಳು ಹುಬ್ಬಿನ ಮೇಲೆಲ್ಲ ಕೂತಿತ್ತು. ನನಗೆ ನಾಲಗೆ ತುರಿಸಿತು. ಏನಪ್ಪ, ನಿಮ್ಮೂರಲ್ಲಿ ಮುತ್ತೈದೆಯರು ಕಿವಿ ಬೋಳು ಬಿಟ್ಟುಕೊಂಡು ತಿರುಗೋದೇ ಈಗ ಫ್ಯಾಷನ್ನಾ ಎಂದು ಕೇಳಿದೆ. ಅವನು ತಲೆ ತಗ್ಗಿಸಿದ.

“ಫ್ಯಾಷನ್ ಎಲ್ಲಿ ಬಂತು ಅತ್ತೆ. ಮೈಸೂರಿಗೆ ಹೋಗಿಬರೋ ಟಿಕೆಟ್ಟಿಗೆ ಓಲೆ ಮಾರ್ವಾಡಿ ಅಂಗಡೀಲಿ ಇಟ್ಟು ಹೋದ್ಲು. ನಮಗೇನು ಪಾಸಾ? ಮಾವ, ಅತ್ತೆ ಬಂದಾಗ ಮನೆ ಕೊಡ್ಬೇಕು ಅಂತ ಹಟ. ನಾಲ್ಕು ವರ್ಷದಿಂದ ಮೈಸೂರು ಮೈಸೂರು ಅಂತಿದ್ಲು, ದುಡ್ಡು ಸೇರಿದಾಗೆಲ್ಲ ಏನೋ ಒಂದು ಖರ್ಚು ಬಂದು ತಿಂದುಹಾಕ್ತಿತ್ತು.”

ಹಾಲು ಉಕ್ಕಿ ಸ್ಟವ್ ಆರಿತು. ನಾನು ನೋಡುತ್ತ ನಿಂತಿದ್ದೆ. ಬೊಂಬಾಯಿ ನನಗೆ ದುಬಾರಿ ಎಂದು ಕುಣಿದಿದ್ದೆನಲ್ಲ, ಅವಳಿಗೆ ಮೈಸೂರು ಅದಕ್ಕಿಂತ ದುಬಾರಿಯ ಊರಾಗಿತ್ತು. ಹಿತ್ತಲಲ್ಲೇ ನಲ್ಲಿ, ಕೊಟ್ಟಿಗೆಯಲ್ಲಿ ಎಮ್ಮೆ, ಬಾಗಿಲು ತೆಗೆದರೆ ಬೆಟ್ಟ. ಎರಡನೆಯವಳು ಎಂದು ಇಷ್ಟು ವರ್ಷ ಗೊಣಗುತ್ತ ನಾನು ಉಂಡದ್ದು ಅವಳಿಗೆ ಹಾಕಿದ್ದ ಎಲೆಯಲ್ಲಿ. ಅವಳು ಅದನ್ನು ನೋಡಿಕೊಂಡು ಹೋಗಲು ಕಿವಿಯ ಚಿನ್ನ ಬಿಚ್ಚಿಟ್ಟು ಬಂದಿದ್ದಳು.

ಕರುಳು ಚುರುಕ್ಕೆಂದಿತು ನಿಜ. ಆದರೆ ಪುಣ್ಯ ಬರಲಿ ಎಂದು ನಾನು ಮುಂದಿನ ಕೆಲಸ ಮಾಡಿದೆ ಎಂದು ಯಾರೂ ತಿಳಿಯಬೇಡಿ. ಅವಳ ಓಲೆ ಅಡವಿಟ್ಟ ದುಡ್ಡಿನಲ್ಲಿ ನಾನು ಚಿಲಕ ಹಾಕಿಕೊಂಡು ಮಲಗಿದೆ ಎಂಬ ಋಣ ನನಗೆ ಬೇಡವಾಗಿತ್ತು. ಅದೂ ಅವಳ ಋಣ! ಲಾಡ್ಜಿನ ನಲವತ್ತು ರೂಪಾಯಿ ಸೆರಗಿನ ಗಂಟಿನಲ್ಲಿ ಹಾಗೇ ಇತ್ತು, ನೈಲಾನ್ ಸೀರೆಗೆಂದು ಆಗಲೇ ಮನಸ್ಸಿನಲ್ಲಿ ಬಣ್ಣ ಆರಿಸಿದ್ದೆ. ಶಾಮಣ್ಣನನ್ನು ನಿದ್ದೆ ಮಾಡಲು ಬಿಡದೆ ಮಾರ್ವಾಡಿಯ ಅಂಗಡಿಗೆ ಹೊರಡಿಸಿದೆ. ಬಡ್ಡಿ ಸೇರಿ ಇನ್ನೂ ಎರಡು ರೂಪಾಯಿ ಹೆಚ್ಚಾಯಿತು, ಅದನ್ನು ನಮ್ಮ ಯಜಮಾನರು ಕೊಟ್ಟರು.

ಮೈಸೂರಿಗೆ ಬಂದು ಇಳಿದಾಗ ಮನೆಯೆಲ್ಲ ಬಸ್ಸಾರಿನ ಘಮ. ನನ್ನ ಮಕ್ಕಳು ಅವಳ ಸೆರಗು ಹಿಡಿದುಕೊಂಡು ನಿಂತಿದ್ದವು, ಅತ್ತೆಯ ಮುಖ ಒಂದು ಸುತ್ತು ದುಂಡಗಾಗಿತ್ತು. ಎಮ್ಮೆ ಮೊದಲ ದಿನವೇ ಅವಳಿಗೆ ಹಾಲು ಬಿಟ್ಟಿತಂತೆ. ಅವಳೇ ಬಡಿಸಿದಳು. ತುತ್ತು ಬಾಯಿಗಿಟ್ಟೆ. ಇವರು ಹೇಳುತ್ತಿದ್ದದ್ದು ನಿಜ, ಬೆಳ್ಳುಳ್ಳಿ ಒಂಚೂರು ಮುಂದಿತ್ತು, ಅದರಿಂದಲೇ ಅದಕ್ಕೆ ಆ ರುಚಿ. ಇವರು ಏನಾದರೂ ಅನ್ನುತ್ತಾರೇನೋ ಎಂದು ಓರೆಗಣ್ಣಿನಿಂದ ನೋಡಿದೆ, ತಟ್ಟೆಯಿಂದ ತಲೆ ಎತ್ತಲಿಲ್ಲ.

ಇನ್ನೂ ಒಂದು ವಾರ ಇರು ಎಂದು ಅತ್ತೆ ಎಷ್ಟು ಹೇಳಿದರೂ ಅವಳು ಕೇಳಲಿಲ್ಲ, ಮಾರನೆಯ ದಿನವೇ ಹೊರಟಳು. ತವರಿನಿಂದ ಹೊರಡುವ ಹೆಣ್ಣಿಗೆ ಮಡಿಲು ತುಂಬಬೇಕು. ಅವಳ ತಾಯಿ ಇಲ್ಲ, ಅಜ್ಜಿ ವಿಧವೆ, ಆ ಕೆಲಸ ಸೋದರಮಾವನ ಹೆಂಡತಿಯದು, ಅಂದರೆ ನನ್ನದು. ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರಿಸಿದೆ. ಅರಿಶಿನ ಕುಂಕುಮ ಕೊಟ್ಟು, ಹೂ ಮುಡಿಸಿ, ಅವಳ ಸೆರಗಿಗೆ ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ, ರವಿಕೆಕಣ ಹಾಕಿದೆ. ಎಲ್ಲಕ್ಕೂ ಮೇಲೆ ಒಂದು ವೀಳ್ಯದೆಲೆಯ ಮಡಿಕೆ ಇಟ್ಟೆ. ಅವಳು ಬಿಡಿಸಿ ನೋಡಿ, ಓಲೆಗಳನ್ನು ಕಂಡು, ತುಟಿ ಕಚ್ಚಿಕೊಂಡಳು. ನಾನೇ ಬೇವಿನ ಕಡ್ಡಿ ಕಿತ್ತು ಅವಳ ಕಿವಿಗೆ ಹಾಕಿದೆ.

ಏನಾದರೂ ಆಡಲೇಬೇಕಾಗಿತ್ತು. “ನೋಡ್ತೀನಿ ಅಂದಿದ್ಯಲ್ಲ, ಈ ಮನೆ ಯಜಮಾನಿಕೆ. ಎಂಗಿತ್ತು?” ಎಂದು ಕೇಳಿದೆ.

ಅವಳು ಶಾಸ್ತ್ರದಂತೆ ಮಡಿಲಿನಿಂದ ಒಂದು ಹಿಡಿ ಅಕ್ಕಿ ತೆಗೆದು, ತವರು ತಣ್ಣಗಿರಲಿ ಎಂದು ನನ್ನ ಸೆರಗಿಗೆ ಹಿಂದಕ್ಕೆ ಹಾಕಿದಳು. “ಚೆನ್ನಾಗಿತ್ತು ಅತ್ತೆ” ಎಂದಳು. “ಅದಕ್ಕೇ ಬೇಗ ಹೊರಟೆ.”

ಜಟಕಾ ಬಂತು. ನಮ್ಮ ಯಜಮಾನರು ಟ್ರಂಕು ಎತ್ತಿಟ್ಟು ಸ್ಟೇಷನ್ನಿನವರೆಗೆ ಬಿಟ್ಟುಬರಲು ಹೋದರು. ಸಂಜೆ ಬಿಸಿಲಿಗೆ ಅವಳ ಓಲೆ ರಸ್ತೆಯ ತಿರುವಿನವರೆಗೂ ಹೊಳೆಯುತ್ತಿತ್ತು. ಲಕ್ಷಣವಾಗಿ ಕಾಣುತ್ತಿದ್ದಳು, ಬಿಡಿಸಿಕೊಟ್ಟವಳು ನಾನೇ ಎಂದು ಹೊಟ್ಟೆಕಿಚ್ಚು ಕಡಿಮೆಯಾಗುತ್ತದೆಯೇ? ಒಳಗೆ ಬಂದು ಅಡಿಗೆಮನೆ ನೋಡಿದೆ. ಎಲ್ಲವನ್ನೂ ನಾನು ಇಟ್ಟಿದ್ದ ಹಾಗೆಯೇ ಬಿಟ್ಟುಹೋಗಿದ್ದಳು, ಉಪ್ಪಿನ ಜಾಡಿಯೊಂದನ್ನು ಮಾತ್ರ ಗೂಡಿನಿಂದ ಇಳಿಸಿ ಒಲೆಯ ಎಡಗಡೆಗೆ ಇಟ್ಟಿದ್ದಳು. ಕೈ ಚಾಚಿದರೆ ಸಿಗುತ್ತದೆ, ಅನುಕೂಲ. ಒಂಬತ್ತು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಎತ್ತಿ ಮತ್ತೆ ಗೂಡಿಗಿಡಲು ಹೋದವಳು, ಇರಲಿ ಎಂದು ಅಲ್ಲೇ ಬಿಟ್ಟು, ರಾತ್ರಿಯ ಅಡಿಗೆಗೆ ಬೆಳ್ಳುಳ್ಳಿ ಬಿಡಿಸಲು ಕೂತೆ.